ಪರಮೇಶಣ್ಣನ ಲಾರಿಗೆ ಮೂರು ಬ್ಯಾಟರಿ

2003ರಲ್ಲಿ ತುಮಕೂರಿನ ಮಂಡಿಪೇಟೆಯ ಅಡ್ಡಬೀದಿಯೊಂದರಲ್ಲಿ ನನ್ನ ಅಂಗಡಿಯಿತ್ತು. ಅಪ್ಪನ ಕಾಲಕ್ಕೆ ಅದು ರೇಡಿಯೊ ರಿಪೇರಿ ಅಂಗಡಿ. ರೇಡಿಯೊ ತರುವವರು ಕಡಿಮೆಯಾದ ಮೇಲೆ ನಾನು ಬ್ಯಾಟರಿ ಪ್ಯಾಕ್ ಕಟ್ಟುವ ಕೆಲಸಕ್ಕೆ ಇಳಿದೆ. ಕಾರ್ಡ್‌ಲೆಸ್ ಫೋನು, ಎಮರ್ಜೆನ್ಸಿ ಲ್ಯಾಂಪು, ವಾಕಿಟಾಕಿ, ಹೀಗೆ ಯಾವುದಕ್ಕೆ ಬೇಕಾದರೂ ಅದರ ಅಳತೆಗೆ ಸೆಲ್‌ಗಳನ್ನು ಜೋಡಿಸಿ, ನಿಕಲ್ ಪಟ್ಟಿಯಿಟ್ಟು ಸ್ಪಾಟ್ ವೆಲ್ಡಿಂಗ್ ಮಾಡಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಬಿಗಿದು ಕೊಡುತ್ತಿದ್ದೆ. ಕೆಲಸ ಚೊಕ್ಕಟ, ಬಾಯಿ ಮಾತ್ರ ಸಿಡುಕು ಎಂದು ಗಿರಾಕಿಗಳು ಹೇಳುತ್ತಿದ್ದರು. ಎರಡೂ ನಿಜ.

ದಸರೆ ಕಳೆದ ಮೇಲೆ ಒಂದು ದಿನ ಚೇಳೂರಿನಿಂದ ಸುಮಿತ್ರಮ್ಮ ಎಂಬ ಹೆಂಗಸು ಬಂದರು. ವೈರ್ ಬುಟ್ಟಿಯಿಂದ ಟವೆಲ್ಲಿನಲ್ಲಿ ಸುತ್ತಿದ್ದ ರಿಮೋಟ್ ಲಾರಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮೊಳದುದ್ದದ ಗಾಡಿ. ಚಕ್ರಕ್ಕೆ ನಿಜವಾದ ರಬ್ಬರು, ಹಿಂದೆ ಸರಕು ತುಂಬುವ ತೊಟ್ಟಿ. ಮಕ್ಕಳ ಆಟದ ಸಾಮಾನು ನಾನು ಮುಟ್ಟುವುದಿಲ್ಲ ಎಂದುಬಿಟ್ಟೆ.

"ಮಕ್ಳದ್ದಲ್ಲ ಅಣ್ಣ, ನಮ್ಮ ಯಜಮಾನ್ರದ್ದು. ಅವ್ರು ಲಾರಿ ಡ್ರೈವರ್ರು. ಈಗ ಇದ್ನೇ ಓಡ್ಸೋದು" ಎಂದರು.

ಅವರ ಗಂಡ ಪರಮೇಶಣ್ಣ ಕುಣಿಗಲ್ಲಿನ ಮಾಲೀಕರೊಬ್ಬರ ಲಾರಿಯಲ್ಲಿ ಇಪ್ಪತ್ತು ವರ್ಷ ಕೊಬ್ಬರಿ ಲೋಡು ಹೊಡೆದವರು. ಎರಡು ವರ್ಷದ ಹಿಂದೆ ಕ್ಲಚ್ ಒತ್ತಲು ಕಾಲಿಗೆ ಬಲ ಸಾಲುತ್ತಿಲ್ಲ ಎಂದು ಆಸ್ಪತ್ರೆಗೆ ಹೋದರೆ, ನರಗಳು ಒಂದೊಂದಾಗಿ ಸೋಲುತ್ತಾ ಹೋಗುವ ಕಾಯಿಲೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದರಂತೆ. ಕಾಲು ಹೋಗಿತ್ತು, ತೋಳು ಹೋಗುತ್ತಿತ್ತು. ಬೆರಳುಗಳಲ್ಲಿ ಮಾತ್ರ ಇನ್ನೂ ಶಕ್ತಿ ಇತ್ತು. ನೋಡಲು ಬಂದ ಮಾಲೀಕರು, ತಮ್ಮ ಮಗ ವಿದೇಶದಿಂದ ತಂದಿದ್ದ ಈ ಗಾಡಿಯನ್ನು ಕೊಟ್ಟು ಹೋಗಿದ್ದರು. ಅದು ಸಿಕ್ಕ ಮೇಲೆ ಪರಮೇಶಣ್ಣ ಗೋಡೆಯ ಕಡೆಗೆ ಮುಖ ಮಾಡಿ ಮಲಗುವುದನ್ನು ಬಿಟ್ಟರು. ಈಗ ಅದರ ಬ್ಯಾಟರಿ ಸತ್ತಿತ್ತು, ಅವರು ಮತ್ತೆ ಗೋಡೆಯ ಕಡೆ ತಿರುಗಿದ್ದರು.

ನಾನು ಗಾಡಿಯನ್ನು ಹತ್ತಿರಕ್ಕೆಳೆದುಕೊಂಡೆ.

ಅದರ ಪ್ಯಾಕಿನಲ್ಲಿದ್ದದ್ದು ಆರು ಸೆಲ್. ಒಂದೊಂದಕ್ಕೆ 1.2 ವೋಲ್ಟ್, ಒಟ್ಟು 7.2 ವೋಲ್ಟ್. ಇಂಥ ಪ್ಯಾಕಿನಲ್ಲಿ ಆರೂ ಸೆಲ್ ಒಂದೇ ತಾಕತ್ತಿನವಾಗಿರಬೇಕು. ಒಂದು ಬೇಗ ಖಾಲಿಯಾದರೆ ಉಳಿದ ಐದೂ ಸೇರಿ ಅದಕ್ಕೆ ಉಲ್ಟಾ ಕರೆಂಟು ನುಗ್ಗಿಸಿ ಕೊಲ್ಲುತ್ತವೆ. ಸಿಕ್ಕ ಸೆಲ್‌ಗಳಲ್ಲೇ ಆರಿಸಿ ಪ್ಯಾಕ್ ಕಟ್ಟಿದೆ. ಚಾರ್ಜರ್ ಸುಮಿತ್ರಮ್ಮ ತಂದಿರಲಿಲ್ಲ. ಎಷ್ಟು ಹೊತ್ತು ಚಾರ್ಜ್‌ಗೆ ಹಾಕುತ್ತೀರಿ ಎಂದು ಕೇಳಿದೆ. "ಅದೇ ನಿಲ್ತದೆ ಅಣ್ಣ, ಕೆಂಪು ಲೈಟು ಹಸ್ರಾಗ್ತದೆ" ಎಂದರು. ಟೈಮರ್ ಇರುವ ಚಾರ್ಜರ್ ಎಂದು ಅರ್ಥವಾಯಿತು. ಅದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಕಾಣಲಿಲ್ಲ.

ಮಾರನೆಯ ವಾರ ಗುಬ್ಬಿಯಲ್ಲಿ ಕೆಲಸವಿದ್ದುದರಿಂದ ಪ್ಯಾಕನ್ನು ನಾನೇ ಚೇಳೂರಿಗೆ ಒಯ್ದೆ. ಜಗಲಿಯ ಮೇಲೆ ದಿಂಬುಗಳ ನಡುವೆ ಪರಮೇಶಣ್ಣನನ್ನು ಕೂರಿಸಿದ್ದರು. ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ರಿಮೋಟು. ಎಡ ಹೆಬ್ಬೆರಳು ಒತ್ತಿದರೆ ಗಾಡಿ ಮುಂದಕ್ಕೆ, ಬಲದ್ದು ಸ್ಟೇರಿಂಗು. ಅವರ ಅಂಗಳವೇ ಒಂದು ಹೈವೇ. ಬಟ್ಟೆ ಒಗೆಯುವ ಕಲ್ಲು ಶಿರಾ, ನಲ್ಲಿ ಹಿರಿಯೂರು, ಎಮ್ಮೆಯ ಬಾನಿ ದಾವಣಗೆರೆ. ತೊಟ್ಟಿಯಲ್ಲಿ ನಾಲ್ಕು ಕೊಬ್ಬರಿ ಹೋಳು ಹಾಕಿಸಿಕೊಂಡು ಹೊರಟರು. ಕಲ್ಲಿನ ಸಂದಿಯಲ್ಲಿ ಹಿಮ್ಮುಖವಾಗಿ ನುಗ್ಗಿಸಿ, ಬಾನಿಯ ಪಕ್ಕಕ್ಕೆ ಬೆರಳಷ್ಟೇ ಜಾಗ ಬಿಟ್ಟು ನಿಲ್ಲಿಸಿದರು. ಹೆಂಡತಿ ಕೊಬ್ಬರಿ ಇಳಿಸಿಕೊಂಡರು.

"ಕಾಲು ಹೋದ್ರೆ ಹೋಗ್ಲಿ ಬುಡಿ ಸಾಬ್ರೆ. ಹೆಬ್ಬೆಟ್ಟು ಇರೋಗಂಟ ಗಾಡಿ ಓಡ್ತದೆ. ಅದೂ ಎಷ್ಟ್ ದಿವ್ಸವೋ. ಅಷ್ಟ್ರೊಳ್ಗೆ ಓಡ್ಸ್‌ಕಂಬುಡ್ತೀನಿ" ಎಂದರು. ಕಾಫಿ ಲೋಟ ಕೈಯಲ್ಲಿ ಹಿಡಿದು ನಾನು ಪ್ಯಾಕಿನ ಗ್ಯಾರಂಟಿ ಬಗ್ಗೆ ಏನೇನೋ ಮಾತಾಡಿದೆ.

ಆ ಗ್ಯಾರಂಟಿ ದೀಪಾವಳಿ ದಾಟಲಿಲ್ಲ. ಸುಮಿತ್ರಮ್ಮ ಮತ್ತೆ ಬುಟ್ಟಿ ಹಿಡಿದು ಬಂದರು. "ದಾವಣಗೆರೆ ಬುಡಿ, ಶಿರಾನೇ ಮುಟ್ಟಲ್ಲ ಅಂತವ್ರೆ." ಪ್ಯಾಕ್ ಬಿಚ್ಚಿದರೆ ಎರಡು ಸೆಲ್ಲಿನ ತಲೆಯಲ್ಲಿ ಬಿಳಿ ಪುಡಿ ಕಟ್ಟಿತ್ತು. ಸೆಲ್ಲೇ ಕಳಪೆ ಎಂದು ತೀರ್ಮಾನಿಸಿ, ಕೊಟ್ಟ ವ್ಯಾಪಾರಿಗೆ ಫೋನಿನಲ್ಲಿ ಚೆನ್ನಾಗಿ ಉಗಿದೆ. ಬೆಂಗಳೂರಿಗೆ ಹೋಗಿ ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತಂದೆ. ಒಂದೊಂದನ್ನೂ ತುಂಬಿಸಿ, ಸಣ್ಣ ಬಲ್ಬು ಉರಿಸಿ ಖಾಲಿ ಮಾಡಿ, ಸಮನಾಗಿ ನಿಂತ ಆರನ್ನು ಹೆಕ್ಕಿದೆ. ನನ್ನ ಟೆಸ್ಟ್ ಬೆಂಚಿನ ಮೇಲೆ ಆ ಪ್ಯಾಕ್ ಕುದುರೆಯ ಹಾಗೆ ಓಡಿತು. ಸಂಕ್ರಾಂತಿಯ ಎಳ್ಳು ಬೆಲ್ಲದ ಜೊತೆಗೆ ಸುಮಿತ್ರಮ್ಮ ಆ ಪ್ಯಾಕನ್ನೂ ವಾಪಸ್ ತಂದರು. ಅದೇ ಬಿಳಿ ಪುಡಿ.

ತಲೆ ಕೆಟ್ಟುಹೋಯಿತು. ಮೂವತ್ತು ವರ್ಷದ ಕಸುಬು ಯಾತಕ್ಕೆ ಬಂತು ಅನ್ನಿಸಿತು. ಆಕೆ ಮಾತ್ರ ದೂರಲಿಲ್ಲ. "ಎಡಗೈ ಹೆಬ್ಬೆಟ್ಟು ಸೋಲ್ತಾ ಅದೆ ಅಣ್ಣ, ಸ್ವಲ್ಪ ಬೇಗ ಮಾಡ್ಕೊಡಿ" ಎಂದರು ಅಷ್ಟೆ. ಬೈದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಮಾರನೆಯ ದಿನವೇ ಚೇಳೂರಿನ ಬಸ್ಸು ಹತ್ತಿದೆ. ಚಾರ್ಜರ್ ಅಡುಗೆಮನೆಯ ಗೂಡಿನಲ್ಲಿತ್ತು. ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಕೆಂಪು ದೀಪ ಉರಿಯುತ್ತಿತ್ತು, ಕರೆಂಟ್ ಹೋಯಿತು. ಸುಮಿತ್ರಮ್ಮ ಸ್ವಿಚ್ಚಿನ ತಂಟೆಗೆ ಹೋಗಲಿಲ್ಲ. ಯಾಕೆ ಆರಿಸಲಿಲ್ಲ ಎಂದು ಕೇಳಿದೆ.

"ಕರೆಂಟು ಯಾವಾಗ್ ಬತ್ತದೋ ಏನೋ. ಪಂಪ್‌ಸೆಟ್ಟೂ ಹಂಗೇ ಆಟೋ ಸ್ಟಾರ್ಟ್‌ನಲ್ಲಿ ಬುಟ್ಟಿರ್ತೀವಲ್ಲ, ಬಂದೇಟ್ಗೆ ಓಡ್ಲಿ ಅಂತ."

ಕರೆಂಟ್ ಬಂತು. ಚಾರ್ಜರ್‌ನ ಕೆಂಪು ದೀಪ ಮತ್ತೆ ಹತ್ತಿತು. ಆಗ ನನಗೆ ಹೊಳೆಯಿತು. ಅದರೊಳಗಿನ ಟೈಮರ್ ಐದು ಗಂಟೆಯದ್ದು. ಕರೆಂಟ್ ಹೋದರೆ ಹಿಂದಿನದನ್ನು ಮರೆತು ಮೊದಲಿಂದ ಐದು ಗಂಟೆ ಎಣಿಸುತ್ತದೆ. ಕರೆಂಟ್ ಹೋಗಿ ಬರುವ ಊರಿನಲ್ಲಿ, ತುಂಬಿದ ಸೆಲ್ಲಿಗೇ ಮತ್ತೆ ಮತ್ತೆ ತುಂಬುತ್ತಾ ಹೋಗುತ್ತದೆ. ಸೆಲ್ ಕಾದು, ಒಳಗಿನ ದ್ರಾವಣ ಹೊರಬಂದು ಒಣಗುತ್ತದೆ. ಬಿಳಿ ಪುಡಿ ಅದೇ. ನನ್ನ ಅಂಗಡಿಯಲ್ಲಿ ಯುಪಿಎಸ್ ಇದ್ದುದರಿಂದ ಇದು ನನ್ನ ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ. ಬೋರ್‌ವೆಲ್ಲಿನ ನೀರಿಗೆ ಕಾಯುವ ಮನೆಯವರು, ಬಂದ ಕರೆಂಟು ದಂಡವಾಗಬಾರದೆಂದು ಅಕ್ಕರೆಯಿಂದ ಮಾಡಿದ್ದೇ ಬ್ಯಾಟರಿಗೆ ಮುಳುವಾಗಿತ್ತು.

"ನನ್ನಿಂದ್ಲೇ ಕೆಡ್ತಾ ಅಣ್ಣ?" ಎಂದು ಸುಮಿತ್ರಮ್ಮ ಮೆಲ್ಲಗೆ ಕೇಳಿದರು. ಗಂಡನಿಗೆ ಕೇಳಿಸೀತೆಂದು ಬಾಗಿಲ ಕಡೆ ನೋಡಿದರು.

"ಇಲ್ಲ ತಾಯಿ. ಚಾರ್ಜರ್ ಮಾಡಿದವನಿಗೆ ನಿಮ್ಮೂರ ಕರೆಂಟ್ ಗೊತ್ತಿಲ್ಲ" ಎಂದೆ. ಅದು ನಿಜವೂ ಆಗಿತ್ತು. ಆದರೂ ಆಕೆ ಸೆರಗಿನಿಂದ ಚಾರ್ಜರ್ ಒರೆಸುತ್ತಲೇ ಇದ್ದರು.

ಕಾರಣ ಸಿಕ್ಕಿತು, ಇನ್ನೇನು ಆಯಿತು ಎಂದುಕೊಂಡೆ. ಸೆಲ್ ಬೆಚ್ಚಗಾದ ಕೂಡಲೇ ತಾನಾಗಿ ನಿಂತು, ಕರೆಂಟ್ ಎಷ್ಟು ಸಲ ಹೋಗಿ ಬಂದರೂ ಗುಂಡಿ ಒತ್ತದ ಹೊರತು ಮತ್ತೆ ಶುರುವಾಗದ ಚಾರ್ಜರ್ ಒಂದನ್ನು ನಾನೇ ಕಟ್ಟಿದೆ. ಸೆಲ್ ಮಾತ್ರ ಬರಲಿಲ್ಲ. ಬೆಂಗಳೂರಿನಲ್ಲಿ ಸ್ಟಾಕ್ ಮುಗಿದಿತ್ತು. ಒಮ್ಮೆ ಬಂದದ್ದು ಗಾತ್ರ ಬೇರೆ, ಗಾಡಿಯ ಹೊಟ್ಟೆಗೆ ಹಿಡಿಸುವುದಿಲ್ಲ. ಇನ್ನೊಮ್ಮೆ ಬಂದದ್ದು ಹಳೆಯ ಸೆಲ್ಲಿಗೆ ಹೊಸ ಲೇಬಲ್. ದಿನಾ ಫೋನು ಮಾಡುವುದು, ನಾಳೆ ಅನ್ನಿಸಿಕೊಳ್ಳುವುದು. ನಡುವೆ ಸುಮಿತ್ರಮ್ಮ ಬಂದು ರಿಮೋಟ್ ಕೊಟ್ಟು, ಹೆಬ್ಬೆರಳು ಎತ್ತಲಾಗುತ್ತಿಲ್ಲ, ಏನಾದರೂ ಮಾಡಿ ಎಂದರು. ರಿಮೋಟಿನಲ್ಲಿ ಹೆಬ್ಬೆರಳಿಂದ ಒತ್ತುವ ಎರಡೂ ಕಡ್ಡಿಗೆ ಐಸ್‌ಕ್ರೀಮ್ ಕಡ್ಡಿ ಅಂಟಿಸಿ ಉದ್ದ ಮಾಡಿದೆ, ಅಂಗೈಯಲ್ಲಿ ಸವರಿದರೂ ಸಾಕು ಎನ್ನುವ ಹಾಗೆ. ಓಡಿಸುವ ಕೈಗೆ ಇಷ್ಟೆಲ್ಲ ಮಾಡಿ, ಓಡುವ ಗಾಡಿಗೆ ಜೀವ ಕೊಡಲಾರದೆ ಕೂತೆ. ನಮಾಜಿಗೆ ನಿಂತರೂ ಆ ಸೆಲ್ಲಿನದೇ ಧ್ಯಾನ.

ಯುಗಾದಿಯಾದ ಮೇಲೆ ಸೆಲ್ ಬಂದವು. ಒಂದಕ್ಕಿಂತ ಒಂದು ಚೆನ್ನ. ನನ್ನ ಕೈಯಿಂದ ಅಷ್ಟು ಒಳ್ಳೆಯ ಪ್ಯಾಕ್ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಚಾರ್ಜರ್ ಸಮೇತ ಚೇಳೂರಿಗೆ ಹೋದೆ.

ಪರಮೇಶಣ್ಣ ಇನ್ನೂ ಸೊರಗಿದ್ದರು. ಮಾತು ತೊದಲುತ್ತಿತ್ತು. ಪ್ಯಾಕ್ ಹಾಕಿ, ಅವರ ಅಂಗೈಗಳನ್ನು ಕಡ್ಡಿಗಳ ಮೇಲೆ ಇಟ್ಟೆ. ಅವರು ಹಲ್ಲು ಕಚ್ಚಿದರು. ಕತ್ತಿನ ನರ ಉಬ್ಬಿತು. ಕೈ ಅಲ್ಲಾಡಲಿಲ್ಲ. ಸುಮಿತ್ರಮ್ಮ ತಮ್ಮ ಕೈಯನ್ನು ಅವರ ಕೈಯ ಮೇಲಿಟ್ಟು ಒತ್ತಲು ಹೋದರು. "ಬ್ಯಾಡ ಬುಡು" ಎಂದರು ಪರಮೇಶಣ್ಣ. ಆಮೇಲೆ ನನ್ನ ಕಡೆ ನೋಡಿ, "ಸಾಬ್ರೆ, ನೀವ್ ಓಡ್ಸಿ" ಎಂದರು.

ಇಷ್ಟು ದಿನ ಅದಕ್ಕೆ ಬ್ಯಾಟರಿ ಕಟ್ಟಿದವನು ನಾನು, ಒಂದು ದಿನವೂ ಓಡಿಸಿರಲಿಲ್ಲ. ಒಗೆಯುವ ಕಲ್ಲಿಗೆ ಹೋಗಿ ಗುದ್ದಿದೆ. ಆಗ ಪರಮೇಶಣ್ಣ ಕ್ಲೀನರ್ ಹುಡುಗರು ಕೂಗುವ ಹಾಗೆ ಹೇಳತೊಡಗಿದರು. "ಬರ್ಲಿ... ಬರ್ಲಿ... ಲೆಫ್ಟ್ ಕಟ್ ಮಾಡಿ... ಬರ್ಲಿ... ಹೋಲ್ಡಾನ್." ಆ ತೊದಲು ಮಾತು ಹಿಡಿದೇ ನಾನು ಗಾಡಿಯನ್ನು ಬಾನಿಯವರೆಗೆ ತಂದೆ. ಅಲ್ಲಿಂದ ವಾಪಸ್, ಮತ್ತೆ ಹೊರಟೆ. ಪ್ಯಾಕ್ ಸೋಲಲೇ ಇಲ್ಲ. ನನ್ನ ಕಣ್ಣಿಗೆ ಅಂಗಳ ಕಾಣದಂತಾದಾಗ ನಾನೇ ನಿಲ್ಲಿಸಿದೆ. "ಡ್ರೈವಿಂಗ್ ಬರಕ್ಕಿಲ್ಲ ನಿಮ್ಗೆ" ಎಂದು ಪರಮೇಶಣ್ಣ ನಕ್ಕರು.

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಾತಾಡಿಸಿ ಬರಲು ಹೋದಾಗ, ಬೇರೆ ಯಾರಿಗಾದರೂ ಆಗಲಿ ಎಂದು ಸುಮಿತ್ರಮ್ಮ ಪ್ಯಾಕನ್ನು ನನ್ನ ಕೈಗಿಟ್ಟರು. ಅಂಗಡಿಗೆ ತಂದು ಅಳೆದೆ. ಆರೂ ಸೆಲ್ ಹೊಸದರ ಹಾಗೇ ಇದ್ದವು. ಯಾವ ಗಿರಾಕಿಗೂ ಅದನ್ನು ಹಾಕಿಕೊಡಲು ಮನಸ್ಸು ಬರಲಿಲ್ಲ.

ಪ್ಯಾಕ್ ಕಟ್ಟಿಸಲು ಬಂದವರನ್ನು ಅಲ್ಲಿಯವರೆಗೆ ನಾನು ಮೊದಲು ಕೇಳುತ್ತಿದ್ದದ್ದು, ಎಷ್ಟು ಹೊತ್ತು ಓಡಬೇಕು ಎಂದು. ಆಮೇಲೆ ಅಂಗಡಿ ಮುಚ್ಚುವವರೆಗೂ ಮೊದಲು ಕೇಳಿದ್ದು, ಯಾವತ್ತಿನೊಳಗೆ ಬೇಕು ಎಂದು. ಉತ್ತರ ಗೊತ್ತಿದ್ದರೂ ಪರಮೇಶಣ್ಣನ ವಿಷಯದಲ್ಲಿ ನನ್ನಿಂದ ಏನೂ ಆಗುತ್ತಿರಲಿಲ್ಲ, ಸೆಲ್ ಬರುವಾಗಲೇ ಬರುತ್ತಿದ್ದವು. ಆದರೂ ಕೇಳುತ್ತಿದ್ದೆ.