ಯಾರೂ ಹಿಡಿಯದೆ ನಡೆದ ಕುದುರೆ

ನಮ್ಮ ಚೈತ್ರಳ ಎಡಗೈ ಹೆಬ್ಬೆರಳು ಅಲ್ಲಾಡಿತು! ಮೊದಲು ಈ ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಸುದ್ದಿ ಹಳೆಯದು, ಬೆರಳು ಅಲ್ಲಾಡಿ ಆಗಲೇ ಕೆಲವು ವರ್ಷಗಳಾದವು. ಆದರೂ ಮನೆಗೆ ಯಾರೇ ಬರಲಿ, ನೀರು ಕೊಡುವ ಮೊದಲೇ ನಾನು ಇದನ್ನು ಹೇಳುತ್ತೇನೆ. "ಬಿಡೇ, ಗ್ಯಾಸ್ ತಂದುಕೊಡೋ ಹುಡುಗನಿಗೂ ಎರಡು ಸಲ ಹೇಳಿದೀಯ" ಎಂದು ನಮ್ಮ ಯಜಮಾನರು ರೇಗಿಸುತ್ತಾರೆ. ರೇಗಿಸಲಿ. ನನಗೆ ಅದು ಇವತ್ತು ಸಂಜೆಯೇ ಅಲ್ಲಾಡಿದ ಹಾಗಿದೆ.

ಆದರೆ ಆ ಸಂಜೆ ಇನ್ನೊಂದು ಸಂಗತಿಯೂ ನಡೆಯಿತು. ಅದನ್ನು ನಾನು ಬಂದವರಿಗೆಲ್ಲ ಹೇಳುವುದಿಲ್ಲ. ಹೇಳಿದರೆ ಮುದುಕಿಗೆ ಅರಳುಮರಳು ಅಂದಾರು. ಇಲ್ಲಿ ಬರೆಯುತ್ತಿದ್ದೇನೆ, ಓದುವವರ ಮುಖ ನನಗೆ ಕಾಣುವುದಿಲ್ಲವಲ್ಲ, ಅದೇ ಧೈರ್ಯ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತು ದೀರ್ಘ ತಪ್ಪಿದ್ದರೆ ನೀವೇ ಸರಿಮಾಡಿಕೊಳ್ಳಿ.

ನಾನು ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಂಬಿದವಳೇ ಅಲ್ಲ. ಪಕ್ಕದ ಬೀದಿಯ ಹೆಂಗಸಿಗೆ ಅಮ್ಮ ಬಂದಳು ಎಂದು ಎಲ್ಲರೂ ಓಡಿದಾಗ, "ಬೆಳಗ್ಗೆಯಿಂದ ಏನೂ ತಿಂದಿಲ್ಲ ಅವಳು, ಒಂದು ಲೋಟ ಮಜ್ಜಿಗೆ ಕೊಡ್ರೇ" ಎಂದು ಬೈಸಿಕೊಂಡವಳು ನಾನು. ನನ್ನ ತವರಿನಲ್ಲಿ ಒಂದು ಪಾಳು ಮನೆಯಲ್ಲಿ ಬೀಸುವ ಕಲ್ಲು ತಾನೇ ತಿರುಗುತ್ತದೆ ಎನ್ನುತ್ತಿದ್ದರು. ಹಾಗಿದ್ದರೆ ನಮ್ಮ ರಾಗಿಯನ್ನೂ ಅಲ್ಲೇ ಇಟ್ಟು ಬರೋಣ ಎಂದು ನಾನು ನಗುತ್ತಿದ್ದೆ. ಅಂಥವಳ ಕಣ್ಣೆದುರಿಗೇ ಇದು ನಡೆಯಿತು. ಏನು ಹೇಳಲಿ.

ಚೈತ್ರ ನನ್ನ ಮಗನ ಮಗಳು. ನಮ್ಮೂರು ದೇವನಹಳ್ಳಿಗೆ ಹತ್ತಿರ. ಇಳಿಯುವ ವಿಮಾನದ ಚಕ್ರ ನಮ್ಮ ಹಿತ್ತಲಿಗೆ ಕಾಣುತ್ತದೆ. ಓದು ಮುಗಿಸಿದ ಮೇಲೆ ಅವಳು ವಿಮಾನ ನಿಲ್ದಾಣದ ಕಡೆ ಒಂದು ಹೂವಿನ ಅಂಗಡಿಗೆ ಸೇರಿದಳು. ಬಂದವರಿಗೆ ಹೋದವರಿಗೆ ಕೊಡುವ ಗುಲಾಬಿ ಗೊಂಚಲು ಕಟ್ಟುವ ಕೆಲಸ. ಎಡಗೈಯ ಹೆಬ್ಬೆರಳಿನಲ್ಲಿ ಕಾಂಡಗಳನ್ನು ಅದುಮಿ ಹಿಡಿದು, ಒಂದೊಂದೇ ಹೂವನ್ನು ಓರೆಯಾಗಿ ಸೇರಿಸುತ್ತಾ ತಿರುಗಿಸಬೇಕು. ಅವಳು ಮನೆಯಲ್ಲಿ ಹುರುಳಿ ಸೊಪ್ಪನ್ನು ಹಿಡಿದುಕೊಂಡರೂ ಅದು ಗೊಂಚಲಾಗಿಬಿಡುತ್ತಿತ್ತು. ಅಷ್ಟು ಪ್ರೀತಿ ಆ ಕೆಲಸದ ಮೇಲೆ.

ಒಂದು ದಿನ ಮನೆಗೆ ಬರುವಾಗ ರಸ್ತೆಯಲ್ಲಿ ಲಾರಿಯಿಂದ ಚೆಲ್ಲಿದ್ದ ಮರಳಿನ ಮೇಲೆ ಸ್ಕೂಟರ್ ಜಾರಿತು. ಎಡತೋಳಿನ ಮೂಳೆ ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಆದರೆ ಕೈ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ನರ ಜಜ್ಜಿದೆ, ಬಂದರೂ ಬಂದೀತು, ಬರದೆಯೂ ಇದ್ದೀತು ಎಂದರು ಡಾಕ್ಟರು. ತಿಂಗಳುಗಳು ಕಳೆದವು, ಒಂದು ಬೆರಳೂ ಮಿಸುಕಲಿಲ್ಲ. ಇನ್ನೊಂದು ಸಲ ನೋಡುತ್ತೇನೆ, ಅಷ್ಟರಲ್ಲಿ ಏನೂ ಕಾಣದಿದ್ದರೆ ಬೇರೆ ಆಪರೇಷನ್ ಮಾಡಬೇಕಾಗುತ್ತದೆ, ಮಾಡಿದರೂ ಮೊದಲಿನ ಕೈ ಆಗುತ್ತದೆಂದು ಮಾತು ಕೊಡಲಾರೆ ಎಂದು ಅವರು ಹೇಳಿದ ಮೇಲೆ ಹುಡುಗಿ ಮಾತೇ ಬಿಟ್ಟಳು. ಆ ಕೈಯನ್ನು ವೇಲಿನ ಕೆಳಗೆ ಮುಚ್ಚಿಟ್ಟುಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದಳು.

ಅವಳ ಅಣ್ಣ ಕಿರಣ ನೆಲಮಂಗಲದ ಹತ್ತಿರ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ರಜೆಗೆ ಬಂದವನು ತನ್ನ ಆಟದ ಮಿಷನ್ನು ತಂದು ಟಿವಿಗೆ ಜೋಡಿಸಿದ. ಜಪಾನು ದೇಶದ ಕತ್ತಿ ವೀರನ ಆಟ ಅದು. ಸಮುರಾಯ್ ಎನ್ನುತ್ತಾರಂತೆ. ನೋಡಿದರೆ ದೊಡ್ಡ ದೇಶವೇ ಅದರೊಳಗಿದೆ! ಬೆಟ್ಟ, ಹೊಳೆ, ಬಿದಿರು ಮೆಳೆ, ಎದೆಯೆತ್ತರ ಹುಲ್ಲು. "ಕತೆ ಆಡ್ಲೇಬೇಕು ಅಂತೇನಿಲ್ಲ ಕಣೇ, ಕುದುರೆ ಹತ್ಕೊಂಡು ಎಲ್ಗಾದ್ರೂ ಹೋಗ್ಬೋದು, ಯಾರೂ ಕೇಳಲ್ಲ" ಎಂದ ಕಿರಣ. ಪಾಪ, ತಂಗಿ ಮನೆಯೊಳಗೇ ಕೂತಿದ್ದಾಳಲ್ಲ ಎಂದು ತಂದಿದ್ದ. ಆದರೆ ಆಟ ಆಡಿಸಲು ಒಂದು ಹಿಡಿ ಇರುತ್ತದೆ, ಅದನ್ನು ಎರಡು ಕೈಯಲ್ಲಿ ಹಿಡಿಯಬೇಕು. ಎಡ ಹೆಬ್ಬೆರಳಿನ ಕೆಳಗಿರುವ ಪುಟ್ಟ ಗೂಟವನ್ನು ತಳ್ಳಿದರೆ ಅವನು ನಡೆಯುತ್ತಾನೆ, ಬಲಗಡೆಯ ಗುಂಡಿ ಒತ್ತಿದರೆ ಕತ್ತಿ ಬೀಸುತ್ತಾನೆ. ಚೈತ್ರ ಅದನ್ನು ಚಾಪೆಯ ಮೇಲೆ ಎಸೆದಳು. "ಇದಕ್ಕೂ ಎರಡು ಕೈ ಬೇಕಲ್ಲೋ!" ಎಂದು ಅತ್ತಳು. ಕಿರಣನೂ ಅಳುವ ಹಾಗಾದ.

ನಾನು ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆ. ಏನು ಹೊಳೆಯಿತೋ, "ಎಡಗೈ ನಾನಾಗ್ತೀನಿ, ಕೊಡಿಲ್ಲಿ" ಎಂದೆ.

ಹಾಗೆ ಅಜ್ಜಿ ಮೊಮ್ಮಗಳು ಸೇರಿ ಒಬ್ಬ ಸಮುರಾಯ್ ಆದೆವು. ನಾನು ಕಾಲು, ಅವಳು ಕತ್ತಿ. ಮೊದಲ ದಿನವೇ ಅವನನ್ನು ಹೊಳೆಗೆ ಇಳಿಸಿದೆ. ಮಾರನೆಯ ದಿನ ಬಂಡೆಯಿಂದ ಬೀಳಿಸಿದೆ.

"ಅದು ಕುದುರೆ ಕಣಜ್ಜಿ, ಎಮ್ಮೆ ಅಲ್ಲ. ಗುದ್ದಬೇಡ!"

"ನನ್ ಕೈಗೆ ಗೊತ್ತಿರೋದು ಎಮ್ಮೆನೇ ಕಣವ್ವ. ಬಂದ್ರು ನೋಡು ನಾಲ್ಕು ಜನ, ನೀನು ಕತ್ತಿ ಬೀಸು ಮೊದ್ಲು!"

"ನೀನು ಓಡಬೇಡ, ನಿಂತ್ಕೋ! ಕಾಲು ಓಡಿದ್ರೆ ಕೈ ಹೆಂಗೆ ಹೊಡೀತದೆ?"

ಹೀಗೆ ಜಗಳವಾಡುತ್ತಾ ಆಡುತ್ತಾ ಹುಡುಗಿ ನಕ್ಕಳು. ಎಷ್ಟು ದಿನವಾಗಿತ್ತೋ ಆ ನಗು ಕೇಳಿ. ಅಡುಗೆ ಮನೆಯಲ್ಲಿದ್ದ ನನ್ನ ಸೊಸೆ ಪದ್ಮ ಬಾಗಿಲಿಗೆ ಬಂದು ನಿಂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಕಡಿಯುವುದು ನನಗೆ ಇಷ್ಟವಿಲ್ಲ, ಆಟದಲ್ಲಿ ಎದುರು ಬರುವ ಆ ಮಕ್ಕಳಿಗೂ ಒಬ್ಬ ತಾಯಿ ಇರುತ್ತಾಳಲ್ಲ. ಅದಕ್ಕೇ ಚೈತ್ರ ಆಮೇಲಾಮೇಲೆ ಜಗಳದ ಕಡೆಗೇ ಕರೆದುಕೊಂಡು ಹೋಗುತ್ತಿರಲಿಲ್ಲ. ಸುಮ್ಮನೆ ಹುಲ್ಲಿನ ನಡುವೆ ಕುದುರೆ ನಡೆಸುತ್ತಾ ಹೋಗುತ್ತಿದ್ದೆವು.

ಇಲ್ಲಿ ಬೀಸುವ ಕಲ್ಲಿನ ಮಾತು ಹೇಳಬೇಕು. ನಾನು ಮದುವೆಯಾಗಿ ಬಂದಾಗ ಅತ್ತೆಯೂ ನಾನೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ರಾಗಿ ಬೀಸುತ್ತಿದ್ದೆವು. ತೋಳು ಸೋತಾಗ ನಾನು ಕೈ ತೆಗೆದರೆ ಅತ್ತೆ ಬಿಡುತ್ತಿರಲಿಲ್ಲ. "ಕೈ ತೆಗೀಬೇಡ. ಭಾರ ಹಾಕ್ಬೇಡ, ಸುಮ್ನೆ ಮೇಲಿಟ್ಕೊಂಡು ಜೊತೇಲಿ ತಿರುಗ್ತಾ ಇರು. ತೋಳಿಗೆ ದಾರಿ ಮರೆತ್ಹೋಗಬಾರದು" ಎನ್ನುತ್ತಿದ್ದರು. ಹಾಗೆ ಸುತ್ತುತ್ತಿದ್ದರೆ ಯಾವಾಗಲೋ ಬಲ ವಾಪಸು ಬಂದಿರುತ್ತಿತ್ತು. ಯಾರ ಬಲದಿಂದ ಕಲ್ಲು ತಿರುಗುತ್ತಿದೆ ಎಂದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಚೈತ್ರಳಿಗೂ ಹಾಗೇ ಮಾಡಿದೆ. ಅವಳ ಸೋತ ಕೈಯನ್ನು ಎತ್ತಿ ನನ್ನ ಕೈಯ ಮೇಲಿಟ್ಟುಕೊಂಡೆ, ಅವಳ ಹೆಬ್ಬೆರಳನ್ನು ನನ್ನ ಹೆಬ್ಬೆರಳಿನ ಮೇಲೆ. ತಣ್ಣಗಿರುತ್ತಿತ್ತು. ಕುದುರೆ ಎಡಕ್ಕೆ ಹೋದರೆ ಎರಡು ಬೆರಳೂ ಎಡಕ್ಕೆ, ಬಲಕ್ಕೆ ಹೋದರೆ ಎರಡೂ ಬಲಕ್ಕೆ. ದಿನಾ ಸಂಜೆ ದೀಪ ಹಚ್ಚುವ ತನಕ ಹೀಗೇ.

ಆ ಭಾನುವಾರವೂ ಹಾಗೇ ಕೂತಿದ್ದೆವು. ಮಾರನೆಯ ದಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಯಾರೂ ಅದರ ಮಾತೆತ್ತಿರಲಿಲ್ಲ. ಯಜಮಾನರು ಕೊಟ್ಟಿಗೆಯಲ್ಲಿದ್ದರು, ಮಗ ರಮೇಶ ಜಗಲಿಯಲ್ಲಿ, ಪದ್ಮ ಡೈರಿಗೆ ಹಾಲು ಹಾಕಲು ಹೋಗಿದ್ದಳು, ಕಿರಣ ಹಿತ್ತಲಲ್ಲಿ ಬೈಕು ತೊಳೆಯುತ್ತಿದ್ದ. ಒಲೆಯ ಮೇಲಿಟ್ಟ ಹಾಲು ಉಕ್ಕುವ ಸದ್ದಾಯಿತು. ಚೈತ್ರಳ ಕೈಯನ್ನು ಮೆಲ್ಲಗೆ ಅವಳ ಮಡಿಲಲ್ಲಿದ್ದ ದಿಂಬಿನ ಮೇಲಿಟ್ಟು, ಹಿಡಿಯನ್ನು ಚಾಪೆಯ ಮೇಲೆ ಬಿಟ್ಟು, ನಾನು ಅಡುಗೆ ಮನೆಗೆ ಓಡಿದೆ. ಹಾಲು ಇಳಿಸಿದೆ, ಚೆಲ್ಲಿದ್ದನ್ನು ಒರೆಸಿದೆ.

"ನಿಧಾನಕ್ಕೆ ಹೋಗಜ್ಜಿ, ಹುಲ್ಲು ಎಷ್ಟು ಚೆನ್ನಾಗೈತೆ" ಎಂದಳು ಚೈತ್ರ ನಡುಮನೆಯಿಂದ.

ತಮಾಷೆಗೆ ಹೇಳುತ್ತಿದ್ದಾಳೆ ಎಂದುಕೊಂಡೆ. ಮಸಿಬಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಅವಳು ಟಿವಿಯ ಕಡೆಯೇ ನೋಡುತ್ತಾ ಬಲಗೈಯಲ್ಲಿ ಬೇಯಿಸಿದ ಕಡಲೆಕಾಯಿ ತಿನ್ನುತ್ತಿದ್ದಳು. ಹಿಡಿ ನಾನು ಬಿಟ್ಟಲ್ಲೇ ಚಾಪೆಯ ಮೇಲಿತ್ತು. ಯಾರೂ ಮುಟ್ಟಿರಲಿಲ್ಲ. ಟಿವಿಯಲ್ಲಿ ಕುದುರೆ ನಡೆಯುತ್ತಿತ್ತು.

ನಾನು ಹೆದರಲಿಲ್ಲ, ಸುಳ್ಳು ಹೇಳುವುದೇಕೆ. ಮಿಷನ್ನು ಅಲ್ಲವೇ, ಏನೋ ಆಗಿದೆ ಎಂದುಕೊಂಡೆ ಅಷ್ಟೆ. ಆಮೇಲೆ ಕಣ್ಣು ಅವಳ ಮಡಿಲಿಗೆ ಹೋಯಿತು. ದಿಂಬಿನ ಮೇಲಿದ್ದ ಎಡಗೈಯ ಹೆಬ್ಬೆರಳು ಗಾಳಿಯಲ್ಲಿ ಏನನ್ನೋ ಮುಂದಕ್ಕೆ ತಳ್ಳುತ್ತಿತ್ತು. ಬಹಳ ಸಣ್ಣಗೆ, ಮೊಟ್ಟೆಯೊಳಗಿನ ಮರಿ ಮಿಸುಕುವ ಹಾಗೆ. ಬಿದಿರು ಮೆಳೆಯ ಹತ್ತಿರ ದಾರಿ ಎಡಕ್ಕೆ ಹೊರಳಿತು. ಆ ಬೆರಳು ಎಡಕ್ಕೆ ವಾಲಿತು. ಕುದುರೆ ಎಡಕ್ಕೆ ತಿರುಗಿತು. ಆಮೇಲೆ ದಾರಿ ಬಲಕ್ಕೆ, ಬೆರಳೂ ಬಲಕ್ಕೆ, ಕುದುರೆಯೂ ಬಲಕ್ಕೆ. ಮೇಲೆ ಒಂದು ವಿಮಾನ ಹೋಯಿತು, ಪಾತ್ರೆಗಳು ಅದುರಿದವು, ನನಗೆ ಉಸಿರು ಬಿಡಲೂ ಭಯವಾಯಿತು.

"ಚೈತ್ರಾ, ನಾನಿಲ್ಲಿದೀನಿ ಕಣೇ" ಎಂದೆ ಕೊನೆಗೆ.

ಅವಳು ತಿರುಗಿ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಪಕ್ಕದ ಖಾಲಿ ಚಾಪೆಯನ್ನು ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಬೆರಳು ನಿಂತಿತು. ಕುದುರೆಯೂ ನಿಂತುಬಿಟ್ಟಿತು.

"ಇನ್ನೊಂದ್ ಸಲ ಮಾಡವ್ವ" ಎಂದೆ. ಅವಳು ತುಟಿ ಕಚ್ಚಿಕೊಂಡಳು. ಬೆರಳು ಅಲ್ಲಾಡಿತು! ನಿಜವಾಗಿಯೂ, ಅವಳೇ ಬೇಕೆಂದು ಅಲ್ಲಾಡಿಸಿದಳು. ಆದರೆ ಈ ಸಲ ಕುದುರೆ ಕದಲಲಿಲ್ಲ. ತಲೆ ತಗ್ಗಿಸಿ ಹುಲ್ಲಿನಲ್ಲಿ ನಿಂತೇ ಇತ್ತು. ನಾನು ಕಿರುಚಿದ ಸದ್ದಿಗೆ ಯಜಮಾನರು ಹಾವು ಬಂತೆಂದು ದೊಣ್ಣೆ ಹಿಡಿದು ಓಡಿಬಂದರು.

ಮಾರನೆಯ ದಿನ ಡಾಕ್ಟರು ಬೆರಳು ಹಿಡಿದು ನೋಡಿ, ನರ ಚಿಗುರಿದೆ, ಆಪರೇಷನ್ ಬೇಡ ಎಂದರು. ಮನಸ್ಸು ಬೇರೆ ಕಡೆ ಇರುವಾಗ ಮೊದಲ ಸಲ ಹೀಗೆ ತಾನಾಗಿ ಅಲ್ಲಾಡುವುದುಂಟಂತೆ. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕುದುರೆಯ ಮಾತು ಅವರ ಹತ್ತಿರ ಎತ್ತಲಿಲ್ಲ. ಅದನ್ನು ಕಿರಣನನ್ನು ಕೇಳಿದೆ. "ಗೂಟ ಸವೆದ್ರೆ ಮುಟ್ಟದಿದ್ರೂ ಓಡ್ತದೆ ಅಜ್ಜಿ, ಅದೇನ್ ದೊಡ್ಡದಲ್ಲ" ಎಂದ. ದಾರಿಗೆ ಸರಿಯಾಗಿ ಹೇಗೆ ತಿರುಗಿತು ಎಂದೆ. ಕೆಲವು ಕಡೆ ಕುದುರೆ ತಾನೇ ದಾರಿ ಹಿಡಿಯುತ್ತದೆ ಎಂದ. ಸರಿ, ಹಾಗಿದ್ದರೆ ಇನ್ನೊಮ್ಮೆ ತೋರಿಸು ಎಂದೆ. ಹಿಡಿಯನ್ನು ಚಾಪೆಯ ಮೇಲಿಟ್ಟು ಇಬ್ಬರೂ ಕಾದೆವು. ಕುದುರೆ ಒಂದು ಹೆಜ್ಜೆಯೂ ಇಡಲಿಲ್ಲ. ಆಮೇಲೆ ಎಷ್ಟೋ ಕಾಲ ಅದೇ ಹಿಡಿಯಲ್ಲಿ ಆಡಿದರು, ಒಂದು ದಿನವೂ ತಾನಾಗಿ ಓಡಲಿಲ್ಲ.

ಚೈತ್ರಳನ್ನು ಕೇಳಿದರೆ ಅವಳು ಇನ್ನೊಂದು ಹೇಳುತ್ತಾಳೆ. ನಾನು ಎದ್ದು ಹೋದದ್ದೇ ಅವಳಿಗೆ ಗೊತ್ತಾಗಲಿಲ್ಲವಂತೆ. ನನ್ನ ಬಳೆ ಸದ್ದು ಪಕ್ಕದಲ್ಲೇ ಕೇಳಿಸುತ್ತಿತ್ತಂತೆ, ಕೈಯ ಕೆಳಗೆ ನನ್ನ ಕೈ ಬೆಚ್ಚಗೆ ಇತ್ತಂತೆ. ನಾನು ಆಗ ಅಡುಗೆ ಮನೆಯಲ್ಲಿ ಹಾಲು ಒರೆಸುತ್ತಿದ್ದೆ. ಬಳೆ ಅಲ್ಲಿಂದ ಕೇಳಿಸಿರಬಹುದು. ಕೈ? ಹಾಗಾದರೆ ಅದು ಯಾರ ಕೈ? ನನ್ನದೇ ಆಗಿದ್ದರೆ ನನಗೆ ಯಾಕೆ ಗೊತ್ತಾಗಲಿಲ್ಲ? ನಾನು ದೇವರು ಅನ್ನುವುದಿಲ್ಲ, ದೆವ್ವ ಅನ್ನುವುದಿಲ್ಲ, ಮಿಷನ್ನು ಅನ್ನುವುದಕ್ಕೂ ಬಾಯಿ ಬರುವುದಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ, ಕೇಳಿಸಿಕೊಳ್ಳುತ್ತೇನೆ.

ನನಗೆ ಚೆನ್ನಾಗಿ ಗೊತ್ತಿರುವುದು ಬೆರಳು ಅಲ್ಲಾಡಿದ ಆ ಸಂಜೆಯ ಊಟ. ಬೇರೆ ದಿನ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುವ ಮನೆ ನಮ್ಮದು. ಅವತ್ತು ಯಾರೂ ಕರೆಯದೆಯೇ ಎಲ್ಲರೂ ನಡುಮನೆಯಲ್ಲಿ ಸುತ್ತ ಕೂತರು. ಪದ್ಮ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಮಗಳ ಕೈ ನೋಡುತ್ತಲೇ ಬಡಿಸಲು ಹೋಗಿ ಸಾರನ್ನು ರಮೇಶನ ಮೊಣಕಾಲ ಮೇಲೆ ಚೆಲ್ಲಿದಳು, ಅವನಿಗೆ ಬಿಸಿಯೇ ಗೊತ್ತಾಗಲಿಲ್ಲ. ಯಾರೂ ತುತ್ತು ಮುರಿಯಲಿಲ್ಲ. ಎಲ್ಲರೂ ಚೈತ್ರಳ ಎಡಗೈಯನ್ನೇ ನೋಡುತ್ತಿದ್ದೆವು. ಅವಳು ಅದನ್ನು ವೇಲಿನಿಂದ ಹೊರಗೆ ತೆಗೆದು ತಟ್ಟೆಯ ಪಕ್ಕ ನೆಲದ ಮೇಲಿಟ್ಟುಕೊಂಡಿದ್ದಳು.

"ಹಿಂಗೆ ನೋಡಿದ್ರೆ ಅದಕ್ಕೂ ನಾಚಿಕೆ ಆಗ್ತದೆ" ಎಂದಳು ಅವಳು.

"ನಾಚ್ಕೊಳ್ಳಲಿ ಗುರು, ಇಷ್ಟು ದಿನ ಮಲಗಿದ್ದಕ್ಕೆ" ಎಂದ ಕಿರಣ.

ಅವಳು ನಕ್ಕು ನೀರಿನ ಲೋಟದ ಕಡೆ ಕೈ ಸರಿಸಿದಳು. ಎತ್ತಲು ಆಗಲಿಲ್ಲ, ಅದಕ್ಕೆ ಇನ್ನೂ ಬಹಳ ದಿನ ಬೇಕಿತ್ತು. ಹೆಬ್ಬೆರಳು ಲೋಟಕ್ಕೆ ತಾಗಿ ಟಿಣ್ ಎಂದು ಒಂದು ಸಣ್ಣ ಸದ್ದಾಯಿತು, ಅಷ್ಟೇ. ಯಜಮಾನರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

"ಉಣ್ರೋ, ಮುದ್ದೆ ಆರ್ತದೆ" ಎಂದರು.

ಎಲ್ಲರೂ ಒಟ್ಟಿಗೇ ತುತ್ತು ಮುರಿದೆವು.