ಒಂದು ಬೆರಳಿನ ಚೌಕಾಬಾರ

“ನಮ್ಮಕ್ಕಂಗೆ ಲಕ್ವ ಹೊಡ್ದು ಒಂದು ಬೆರಳು ಮಾತ್ರ ಆಡ್ತದೆ ಸಾರ್. ಅದ್ರಲ್ಲೇ ಚೌಕಾಬಾರ ಆಡಂಗೆ ಫೋನಲ್ಲಿ ಮಾಡ್ಬೇಕು, ಕಲಿಸ್ಕೊಡಿ.”

ರಾವಂದೂರಿನ ನನ್ನ ಕಂಪ್ಯೂಟರ್ ತರಗತಿಗೆ ಬಂದ ರೈತ ಮಹಿಳೆ ರತ್ನಮ್ಮ ಹೀಗೆಂದಾಗ ತಬ್ಬಿಬ್ಬಾದೆ. ಗೇಮ್ ಮಾಡುವ ಆಸೆಯಿದ್ದರೂ, ಗೇಮ್ ಕಟ್ಟುವ ತಂತ್ರಾಂಶಗಳಲ್ಲಿ, ಅಂದರೆ ಗೇಮ್ ಎಂಜಿನ್‌ಗಳಲ್ಲಿ, ಯಾವುದು ಒಳ್ಳೆಯದೆಂದು ವರ್ಷದಿಂದ ವಿಡಿಯೊ ನೋಡಿದ್ದಷ್ಟೇ ನನ್ನ ಸಾಧನೆ. ಅದನ್ನೇ ಹೇಳಿದೆ.

“ಅಂಗಾದ್ರೆ ಇಬ್ರೂ ಕಲಿಯವ ಬುಡಿ” ಎಂದರು.

ನನ್ನ ಹಳೆಯ ಕಂಪ್ಯೂಟರಿನಲ್ಲೂ ಓಡುವ ಒಂದು ಉಚಿತ ಎಂಜಿನ್ ಆರಿಸಿಕೊಂಡೆವು. ಒಂದು ಕಾಯಿಯನ್ನು ಸರಿಯಾಗಿ ನಡೆಸುವುದಕ್ಕೇ ವಾರ ಹಿಡಿಯಿತು. ತಪ್ಪಿದಾಗಲೆಲ್ಲ ರತ್ನಮ್ಮ ಮೊದಲಿಂದ ಶುರುಮಾಡುತ್ತಿದ್ದರು. ಮೂರು ತಿಂಗಳ ನಂತರ ಅವರ ಅಕ್ಕ ಮಲಗಿದ್ದಲ್ಲೇ ಫೋನಿನ ಪರದೆ ಒತ್ತಿದರು. ಕವಡೆ ಉರುಳಿತು. ತಂಗಿಯ ಕಾಯಿ ಹೊಡೆದು ಜೋರಾಗಿ ನಕ್ಕರು.

ಈಗ ರತ್ನಮ್ಮನೂ ನಾನೂ ಅಳಿಗುಳಿಮಣೆಯ ಗೇಮ್ ಮಾಡಲು ಹಿಡಿದಿದ್ದೇವೆ. ಹರಳು ಹಂಚುವ ಲೆಕ್ಕ ಇನ್ನೂ ತಪ್ಪುತ್ತಿದೆ. ಬಿಡುವ ಮಾತೇ ಇಲ್ಲ.