ಪೂಜೆ ಬೇಡ, ಓದಿದರೆ ಸಾಕು ಎನ್ನುವ ದಾನೇಶ್ವರಿ

ಹುನಗುಂದದಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ದಾನೇಶ್ವರಿ ಕಂಪ್ಯೂಟರಿನ ಮುಂದೆ ಕೂತು ಒಂದೇ ಸಾಲನ್ನು ಬರೆದು ಅಳಿಸಿ, ಅಳಿಸಿ ಬರೆಯುತ್ತಿದ್ದಾರೆ. ಗಿರಣಿ ಶುರುವಾದರೆ ಮೇಜು ಗಡಗಡ ನಡುಗುತ್ತದೆ, ಅದಕ್ಕೇ ಈ ಅವಸರ. ತಾಯಿ ಶಿವಬಸವ್ವ ಚಹಾ ತಂದಿಟ್ಟು, ‘ನಿನ್ನಿನೂ ಅದನ್ನ ಬರ್ದಿ, ಇವತ್ತೂ ಅದನ್ನ ಬರೀತಿ?’ ಎನ್ನುತ್ತಾರೆ.

‘ಓದೋರಿದ್ರ ಒಮ್ಮೆ ಬರದ್ರ ಸಾಕಿತ್ತಬೇ ಯವ್ವಾ’ ಎಂದು ಮಗಳು ತಲೆ ಎತ್ತದೆಯೇ ಗೊಣಗುತ್ತಾರೆ.

ದಾನೇಶ್ವರಿಯವರ ಕೆಲಸ ಕೈಪಿಡಿ ಬರೆಯುವುದು. ಮೊದಲು ಇದೇ ಊರಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದರು. ಅದು ಮುಚ್ಚಿದ ಮೇಲೆ ದೂರದ ಸಾಫ್ಟ್‌ವೇರ್ ಕಂಪನಿಯೊಂದು ಈ ಕೆಲಸ ಕೊಟ್ಟಿದೆ. ಕೈಪಿಡಿಯ ಮೇಲೆ ಕಂಪನಿಯ ಹೆಸರಿದೆ, ಇವರದಿಲ್ಲ. ಮಗಳು ಏನು ಮಾಡುತ್ತಾಳೆ ಎಂದು ಓಣಿಯವರು ಕೇಳಿದರೆ ಶಿವಬಸವ್ವ, ‘ಯಂತ್ರ ನಡಸೋರಿಗೆ ಬುದ್ಧಿ ಹೇಳ್ತಾಳ’ ಎನ್ನುತ್ತಾರೆ. ಅದಕ್ಕಿಂತ ಚೆನ್ನಾಗಿ, ಇವರ ಬಗ್ಗೆ ಬರೆಯಲು ಬಂದ ನಾನೂ ಹೇಳಲಾರೆ.

ಕಚೇರಿಯ ಕಂಪ್ಯೂಟರುಗಳಿಗೂ ಹೊರಗಿನ ಇಂಟರ್‌ನೆಟ್ಟಿಗೂ ನಡುವೆ ಫೈರ್‌ವಾಲ್ ಎಂಬ ಕಾವಲಿರುತ್ತದೆ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂಬ ನಿಯಮಗಳು ಅದಕ್ಕಿವೆ. ಹೊಸದೇನಾದರೂ ಜೋಡಿಸುವಾಗ ಒಂದು ನಿಯಮ ಅಡ್ಡ ಬಂದರೆ ಅದನ್ನಷ್ಟೇ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಕಂಪನಿಯ ಸಾಫ್ಟ್‌ವೇರ್ ಮಾಡುವುದು ಇದನ್ನೇ. ಆದರೆ ಯಾವ ನಿಯಮ ಎಂದು ಹೇಳದೆ ಗುಂಡಿ ಒತ್ತಿದರೆ ಎಲ್ಲವನ್ನೂ ನಿಲ್ಲಿಸಿ, ಊರ ಅಗಸಿ ಬಾಗಿಲನ್ನೇ ಹಾರು ಹೊಡೆದು ಕೂತುಬಿಡುತ್ತದೆ.

‘ಖರೇನ ಎಲ್ಲಾ ಬಂದ್ ಮಾಡ್ಲೇನು ಅಂತ ಅದು ಒಂದ್ ಮಾತ್ ಕೇಳೂಹಂಗ ಮಾಡ್ರಿ ಅಂತ ಕಂಪನಿಯವರಿಗೆ ಹೇಳಿದೆ. ಅದನ್ನ ನಿಮ್ಮ ಕೈಪಿಡಿಯೊಳಗ ಬರೀರಿ ಅಂದ್ರು!’ ಎಂದು ದಾನೇಶ್ವರಿ ಹಣೆ ಚಚ್ಚಿಕೊಳ್ಳುತ್ತಾರೆ. ಕೇಳಿದರೆ ನನಗೇ ಮೈ ಉರಿಯುತ್ತದೆ. ಬಾವಿ ತೋಡಿ, ಕಟ್ಟೆ ಕಟ್ಟದೆ, ‘ನೋಡಿಕೊಂಡು ನಡೆಯಿರಿ’ ಎಂದು ಬೋರ್ಡು ಹಾಕಿದ ಹಾಗಾಯಿತು ಇದು.

ಬೋರ್ಡಿನ ಗತಿಯನ್ನಾದರೂ ಕೇಳಿ. ಇಳಕಲ್ಲಿನ ಪತ್ತಿನ ಸಂಘವೊಂದರಲ್ಲಿ ಗುರಲಿಂಗಪ್ಪ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ದಾನೇಶ್ವರಿ ಬರೆದ ಕೈಪಿಡಿಯ ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಿ ಫೈರ್‌ವಾಲ್ ಪೆಟ್ಟಿಗೆಗೇ ಅಂಟಿಸಿದ್ದಾರೆ. ಕಳೆದ ತಿಂಗಳು ದಾನೇಶ್ವರಿ ಬಸ್ ಹತ್ತಿ ನೋಡಲು ಹೋದರೆ ಕಾವಲೆಲ್ಲ ಬಂದ್! ಸದಸ್ಯರ ಖಾತೆಗಳು ಎಷ್ಟು ದಿನದಿಂದ ಬಟಾಬಯಲಿನಲ್ಲಿದ್ದವೋ ಶಿವನೇ ಬಲ್ಲ. ಯಾರೂ ನುಗ್ಗಿರಲಿಲ್ಲ ಎಂಬುದಷ್ಟೇ ಪುಣ್ಯ.

ಕಾರಣ ಹಾಳೆಯ ಮೇಲೆಯೇ ಇತ್ತು. ಅಮಾವಾಸ್ಯೆಗೊಮ್ಮೆ ಅಲ್ಲಿ ಯಂತ್ರಗಳ ಪೂಜೆಯಾಗುತ್ತದೆ. ಪೆಟ್ಟಿಗೆಯ ಜೊತೆಗೆ ಹಾಳೆಗೂ ವಿಭೂತಿ, ಕುಂಕುಮ, ಹೂವು. ‘ಕೆಲಸ ಮುಗಿದ ಮೇಲೆ ನಿಯಮವನ್ನು ಮತ್ತೆ ಚಾಲೂ ಮಾಡಿರಿ’ ಎಂಬ ಕೊನೆಯ ಸಾಲು, ಅದರ ಮೇಲಿನ ‘ಯಾವ ನಿಯಮ ಎಂದು ಹೇಳಿರಿ’ ಎಂಬ ಸಾಲು ಎರಡೂ ದಪ್ಪ ವಿಭೂತಿಯ ಅಡಿಯಲ್ಲಿದ್ದವು. ಕೇಳಿದ್ದಕ್ಕೆ ಗುರಲಿಂಗಪ್ಪ, ‘ಪೂಜಿ ಮಾಡಿದ್ದನ್ನ ಹೆಂಗ್ ಒರಸ್ಬೇಕ್ರಿ ಅಕ್ಕಾರ?’ ಎಂದರಂತೆ.

‘ಬೈಬೇಕೋ ನಗಬೇಕೋ ತಿಳೀಲಿಲ್ರಿ. ನಾ ಬರದದ್ದಕ್ಕ ಕೈ ಮುಗದಾರ, ಓದಿಲ್ಲ!’

ಅಂದಿನಿಂದ ದಾನೇಶ್ವರಿ ಆ ಸಾಫ್ಟ್‌ವೇರನ್ನು ತಿರುವಿ ಮುರುವಿ ನೋಡಿದ್ದಾರೆ. ಎಷ್ಟು ಹೊತ್ತು ನಿಲ್ಲಿಸಬೇಕು ಎಂದು ಮೊದಲೇ ಹೇಳಿಟ್ಟರೆ ನಿಯಮ ತಾನಾಗಿಯೇ ಚಾಲೂ ಆಗುವ ಸೌಲಭ್ಯ ಅದರಲ್ಲೇ ಇತ್ತು. ಮಾಡಿದವರೇ ಮರೆತಿದ್ದರು. ಈಗ ಕೈಪಿಡಿಯ ಮೊದಲ ಹೆಜ್ಜೆಯೇ ಅದು: ಯಾವ ನಿಯಮ, ಎಷ್ಟು ಹೊತ್ತು, ಎರಡನ್ನೂ ಹೇಳಿ, ಆಮೇಲೆ ನಿಲ್ಲಿಸಿ. ಕಂಪನಿಗೆ ಇದೂ ಉದ್ದವೆನಿಸಿದೆ. ಇಳಕಲ್ಲಿನಲ್ಲಿ ಉಪಯೋಗವಾಗದಿದ್ದರೆ ತೆಗೆದುಬಿಡಿ ಎಂದಿದ್ದಾರೆ. ‘ಹಂಗಾದ್ರ ನನ್ನೂ ತಗದಬಿಡ್ರಿ ಅಂದೇನಿ’ ಎನ್ನುತ್ತಾರೆ ಇವರು. ಹೊಸ ಹಾಳೆ ಗುರಲಿಂಗಪ್ಪನವರ ಕೈ ಸೇರಿ ವಾರವಾದರೂ ಒಂದು ಸುದ್ದಿಯಿಲ್ಲ. ಸಾಲು ಇನ್ನಷ್ಟು ಸರಳವಾಗಬೇಕಿತ್ತೇನೋ ಎಂಬ ಸಂಶಯಕ್ಕೇ ಈ ಬೆಳಗಿನ ತಿದ್ದಾಟ.

ಅಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಗುರಲಿಂಗಪ್ಪನವರ ಸಿಟ್ಟಿನ ದನಿ ನನ್ನ ಕಿವಿಗೂ ಬೀಳುತ್ತದೆ.

‘ಅಕ್ಕಾರ, ನಿಮ್ಮ ಸಾಫ್ಟ್‌ವೇರ್ ಕೆಟ್ಟೈತ್ರಿ! ನಿನ್ನಿ ಹೊಸಾ ಪ್ರಿಂಟರ್ ಜೋಡಸಾಕ ಒಂದ್ ನಿಯಮ ಬಂದ್ ಮಾಡಿದ್ದೆ. ಸಂಜಿಗೆ ನೋಡಿದ್ರ ನಾ ಮುಟ್ಟೇ ಇಲ್ಲ, ತಾನ ಚಾಲೂ ಆಗೇತಿ!’

‘ಪ್ರಿಂಟರ್ ಜೋಡಸೂದು ಆತೇನ್ರಿ?’

‘ಅದು ಆತ್ರಿ.’

‘ಎಷ್ಟ್ ಹೊತ್ತು ಅಂತ ಹಾಕಿದ್ರಿ?’

‘ನಿಮ್ಮ ಹಾಳ್ಯಾಗ ಮೊದಲಿಗೇ ಬರದೀರಲ್ರಿ, ಹೊತ್ತು ಹಾಕ್ರಿ ಅಂತ. ಒಂದು ತಾಸು ಹಾಕಿದ್ದೆ.’

ಕೆಳಗೆ ಗಿರಣಿ ಶುರುವಾಗುತ್ತದೆ. ಮೇಜು, ಚಹಾದ ಕಪ್ಪು, ಕಂಪ್ಯೂಟರ್ ಎಲ್ಲ ನಡುಗುತ್ತವೆ. ಫೋನಿಗೆ ಕೈ ಅಡ್ಡ ಹಿಡಿದು ದಾನೇಶ್ವರಿ ನನ್ನತ್ತ ತಿರುಗುತ್ತಾರೆ. ಕಣ್ಣು ತುಂಬಿವೆ.

‘ಬೈಲಿ ಬಿಡ್ರಿ. ಓದ್ಯಾರ!’